ಗೌರಿಯ ಆಪರೇಷನ್ನಿಗೆಂದು ಪಟಾನ್‌ಚೆರುವಿಗೆ

ಕಲಬುರಗಿಯಿಂದ ಬೆಳಿಗ್ಗೆ ಹೊರಟಾಗ ನನ್ನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಸೀರೆ ಮತ್ತು ಆಸ್ಪತ್ರೆಗೆ ಬೇಕಾದೀತೆಂದು ಒಂದು ಥರ್ಮಾಸ್ ಇದ್ದವು. ತೀರಿಹೋದ ನನ್ನ ಅಕ್ಕನ ಮಗಳು ಗೌರಿಗೆ ಗರ್ಭಕೋಶ ತೆಗೆಯುವ ಆಪರೇಷನ್ ನಿಗದಿಯಾಗಿತ್ತು. ಅವಳಿಗಿನ್ನೂ ಮೂವತ್ತು. ನಮ್ಮ ಮಂದಿಯಲ್ಲಿ ಸೊಸೆಗೆ ಆಪರೇಷನ್ ಅಂದರೆ ತವರಿನವರು ಬಂದು ಕೂತುಕೊಳ್ಳಬೇಕು, ಅಲ್ಲಿಯವರೆಗೆ ಗಂಡನ ಮನೆಯವರು ದಿನ ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. ಅಕ್ಕ ಇಲ್ಲದ ಮೇಲೆ ತವರು ಅಂದರೆ ನಾನೊಬ್ಬಳೇ. ನಾನು ನಡೆಸುವ ಖಾನಾವಳಿಯನ್ನು ರೊಟ್ಟಿ ಬಡಿಯುವ ಹೆಂಗಸರಿಗೆ ಒಪ್ಪಿಸಿ ಬಸ್ಸು ಹತ್ತಿದೆ.

ಹುಮನಾಬಾದಿನವರೆಗೆ ನಮ್ಮ ಸರ್ಕಾರದ ಪುಕ್ಕಟೆ ಪ್ರಯಾಣ. ಜಹೀರಾಬಾದಿನಲ್ಲಿ ತೆಲಂಗಾಣದ ಬಸ್ಸು ಹತ್ತಿ ಅದೇ ಠೀವಿಯಿಂದ ಆಧಾರ್ ಕಾರ್ಡು ಚಾಚಿದರೆ ಕಂಡಕ್ಟರಮ್ಮ ನಕ್ಕು, "ಕರ್ನಾಟಕದಮ್ಮ ನೀನು, ಟಿಕೆಟ್ ತಗೋ" ಎಂದಳು. ಬಿಸಿಲು ಕಾರುತ್ತಿತ್ತು. ಸಂಗಾರೆಡ್ಡಿ ದಾಟಿದ ಮೇಲೆ ಕಾರ್ಖಾನೆಗಳ ವಾಸನೆ ಶುರುವಾಯಿತು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಔಷಧದ ಘಾಟು.

ಗೌರಿಯ ಗಂಡ ಬಸವರಾಜ ಪಟಾನ್‌ಚೆರುವಿನ ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವನು. ಎರಡು ಕೋಣೆಯ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಅವನ ತಾಯಿ ನೀಲವ್ವ. ಗೌರಿ ಬಾಗಿಲಲ್ಲಿ ನಿಂತಿದ್ದಳು. ಅಯ್ಯ, ಏನು ಹೇಳಲಿ, ಗುರುತೇ ಹತ್ತಲಿಲ್ಲ, ಅಷ್ಟು ಸೊರಗಿದ್ದಳು.

"ಬಿಳಿ ಮುಟ್ಟು ಬಿಡವಲ್ದು ನೋಡ್ರಿ," ಎಂದಳು ನೀಲವ್ವ ಚಹಾ ಕೊಡುತ್ತ. "ವರ್ಷ ಆತು. ಮಾತ್ರಿ ನುಂಗಿದ್ರ ಎಂಟು ದಿನ ಕಡಿಮಿ, ಮತ್ತ ಸುರು. ಮೈಯಾಗ ಉಷ್ಣ ಭಾಳ. ಪಟಿಕದ ನೀರಿಲೆ ತೊಳಕೋ ಅಂತ ದಿನಾ ಹೇಳಿ ಮಾಡಿಸೀನಿ. ಹೊಟ್ಟಿ ನೋವು ಬ್ಯಾರೆ. ಇಲ್ಲೇ ದವಾಖಾನ್ಯಾಗ ಸ್ಕ್ಯಾನ್ ಮಾಡಿ ಗರ್ಭಕೋಶ ಕೆಟ್ಟೈತಿ, ತೆಗೆಸ್ರಿ ಅಂದಾರ. ಮಕ್ಕಳೆರಡು ಆಗ್ಯಾವ. ಇನ್ನ ಯಾಕ ಬೇಕದು?"

ಮನೆಯ ಹಳೆಯ ಮಿಕ್ಸಿಯ ಬಗ್ಗೆ ಮಾತಾಡಿದ ಹಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ನಾನು ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದೆ. ತವರಿನವರ ಮಾತು, ನೀಲವ್ವ ಮೂತಿ ತಿರುವಿ ಒಪ್ಪಿದಳು.

ಮರುದಿನ ನಾನೂ ಗೌರಿಯೂ ಬಸ್ಸಿನಲ್ಲಿ ಮೆಹದಿಪಟ್ಟಣಂಗೆ ಹೋದೆವು. ಕಾರ್ಖಾನೆ ಪಾಳಿ ಮುಗಿಸಿದವರು ನಿಂತಲ್ಲೇ ತೂಕಡಿಸುತ್ತಿದ್ದರು. ಮೆಹದಿಪಟ್ಟಣಂನ ಗದ್ದಲದಲ್ಲಿ ಆಟೋದವನು ಬಾಯಿಗೆ ಬಂದ ಬಾಡಿಗೆ ಕೇಳಿದ. ನಾನೂ ಬಾಯಿಗೆ ಬಂದದ್ದು ಅಂದೆ. ಕೊನೆಗೆ ಇಬ್ಬರೂ ನಕ್ಕು ಹಿಮಾಯತ್‌ನಗರ ಮುಟ್ಟಿದೆವು. ಅಲ್ಲಿ ನಮ್ಮ ಕಡೆಯವರೇ ಆದ, ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿರುವ ಮನೆತನದ ಲೇಡಿ ಡಾಕ್ಟರೊಬ್ಬರ ಕ್ಲಿನಿಕ್ ಇತ್ತು. ನಮ್ಮ ಖಾನಾವಳಿಯ ಗಿರಾಕಿಯೊಬ್ಬರು ವಿಳಾಸ ಕೊಟ್ಟಿದ್ದರು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳಗಿನ ದ್ರವ ತೆಗೆದು ಲ್ಯಾಬಿಗೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಗೌರಿಯನ್ನು ಕೇಳುತ್ತ ಹೋದರು.

"ಮದುವಿ ಯಾವಾಗ ಆತು?"

"ಹದಿನೆಂಟು ತುಂಬಿದ ವಾರಕ್ಕ್ರಿ."

"ಗಂಡ ಜೋಡೀನೇ ಇದ್ದರೇನು?"

"ಮೊದಲ ಐದಾರು ವರ್ಷ ಅವರು ಇಲ್ಲಿ, ನಾ ಊರಾಗ. ಹಬ್ಬಕ್ಕ ಬರತಿದ್ರು."

"ಮೊದಲು ಮಾತ್ರಿ ತಗೊಂಡಿದ್ದಿಯಲ್ಲ, ಅವಾಗ ಅವರೂ ತಗೊಂಡ್ರೇನು?"

"ಅವರಿಗೇನಾಗೇತ್ರಿ?" ಗೌರಿ ನಿಜವಾಗಿಯೂ ಆಶ್ಚರ್ಯಪಟ್ಟಳು.

"ನಿರೋಧ್ ಬಳಸ್ತಾರೇನು?"

ಗೌರಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. "ಒಂದ್ ಸಲ ಕೇಳಿದ್ದೆ. ಇದನ್ನ ಎಲ್ಲಿ ಕಲ್ತುಬಂದಿ ಅಂದ್ರು. ಆಮ್ಯಾಲೆ ಎಂಟು ದಿನ ಮಾತು ಬಿಟ್ಟಿದ್ರು."

ಲ್ಯಾಬಿನ ಫಲಿತಾಂಶಕ್ಕೆ ಮರುದಿನ ಮತ್ತೆ ಅಷ್ಟೂ ದಾರಿ ಹೋದೆವು. ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು: "ಗರ್ಭಕೋಶಕ್ಕ ಏನೂ ಆಗಿಲ್ಲ. ಇದು ಸೋಂಕು, ಗಂಡ ಹೆಂಡತಿ ಕೂಡೋದರಿಂದ ಬರೋ ಸೋಂಕು. ಮಾತ್ರಿಗೆ ವಾಸಿ ಆಗ್ತದ. ಪಟಿಕದ ನೀರು ಇವತ್ತೇ ಬಿಡು, ಒಳಗ ತೊಳದಷ್ಟೂ ಕೆಡ್ತದ. ಇಬ್ಬರೂ ಕೂಡೇ ಮಾತ್ರಿ ನುಂಗಬೇಕು, ಮುಗಿಯೋತನಕ ದೂರ ಇರಬೇಕು. ಒಬ್ಬಾಕಿಯೇ ನುಂಗಿದ್ರ ಮತ್ತ ಬರ್ತದ."

"ಆಪರೇಷನ್ನು?" ಎಂದೆ.

"ಯಾತಕ್ಕ? ಗರ್ಭಕೋಶ ಹೋದ್ರೂ ಗಂಡ ಅವನೇ ಅಲ್ಲೇನ್ರಿ?"

ನನಗೆ ಎಷ್ಟು ಸಂತೋಷವಾಯಿತೆಂದರೆ ಹಿಮಾಯತ್‌ನಗರದ ಬೀದಿಯಲ್ಲೇ ಗೌರಿಗೆ ಒತ್ತಾಯ ಮಾಡಿ ಒಂದು ಪ್ಲೇಟು ಪಾನಿಪುರಿ ತಿನ್ನಿಸಿದೆ. ಗೌರಿ ತಿಂದಳು, ಆದರೆ ನಗಲಿಲ್ಲ. ಬಸ್ಸಿನಲ್ಲಿ ಎರಡು ಮಾತ್ರೆ ಪೊಟ್ಟಣಗಳನ್ನು ಮಡಿಲಲ್ಲಿಟ್ಟುಕೊಂಡು, "ಚಿಗವ್ವ, ಅವರಿಗೆ ನೀನ ಹೇಳು" ಎಂದಳು.

ಹೇಳಿದೆ. ಬಸವರಾಜ ಪೊಟ್ಟಣ ತಿರುವಿ ನೋಡಿದ. ಇಡೀ ದಿನ ಇಂಥವನ್ನೇ ಡಬ್ಬಿಗೆ ತುಂಬುವವನಿಗೆ ಹೆಸರು ಓದಿದರೆ ಸಾಕಿತ್ತು.

"ಇದು ಎಂಥವರು ನುಂಗೋ ಗುಳಿಗಿ ಅಂತ ನನಗ ಗೊತ್ತೈತಿ. ನಾ ನುಂಗಿದ್ರ ನಾ ಅಂಥಾವ ಅಂತ ಒಪ್ಪಿಕೊಂಡಂಗ. ನನಗ ನೋವಿಲ್ಲ, ಉರಿ ಇಲ್ಲ. ಜಡ್ಡು ಆಕಿಗೆ ಐತಿ. ಎಲ್ಲಿಂದ ತಂದಾಳ ಅಂತ ಆಕೀನ್ನ ಕೇಳ್ರಿ."

"ನಾಚಿಕಿ ಆಗಂಗಿಲ್ಲೇನು ನಿನಗ?" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಗಂಡಸರಿಗೆ ಕೆಲವು ಸಲ ಏನೂ ತೋರದೆ ಒಳಗೇ ಇರುತ್ತದೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ದೇಶಕ್ಕೆಲ್ಲ ಮಾತ್ರೆ ತುಂಬಿ ಕಳಿಸುವ ಆ ಪುಣ್ಯಾತ್ಮನಿಗೆ ಹೆಂಡತಿಯ ಸಲುವಾಗಿ ಒಂದು ಮಾತ್ರೆ ನುಂಗುವುದು ಮರ್ಯಾದೆಯ ಪ್ರಶ್ನೆಯಾಯಿತು.

ನೀಲವ್ವ ಎರಡನೆಯ ಪೊಟ್ಟಣವನ್ನೂ ಗೌರಿಯ ಮುಂದೆ ಸರಿಸಿದಳು. "ಅವನ ಪಾಲಿಂದೂ ನೀನ ನುಂಗಿಬಿಡವ್ವ. ಗಂಡನ ಸಲುವಾಗಿ ಸೋಮವಾರ ಉಪವಾಸ ಮಾಡಂಗಿಲ್ಲೇನು? ಹಂಗ ತಿಳಕೋ."

ತಮಾಷೆಗೆ ಹೇಳಿದಳೆಂದುಕೊಂಡಿರಾ? ಇಲ್ಲ. ಮನಸ್ಸಿಟ್ಟು, ಅಂತಃಕರಣದಿಂದಲೇ ಹೇಳಿದಳು. ಉಪವಾಸ ಹೆಂಡತಿಯದು, ಆಯುಷ್ಯ ಗಂಡನದು ಎಂದು ಹುಟ್ಟಿದಾಗಿನಿಂದ ನಂಬಿದವಳಿಗೆ ಮಾತ್ರೆಯೂ ಹಾಗೆಯೇ ದಾಟಿಹೋಗುತ್ತದೆ ಅನ್ನಿಸಿದ್ದರಲ್ಲಿ ತಪ್ಪೇನಿತ್ತು! ಗೌರಿ ಆಗಲೇ ನೀರಿನ ಲೋಟ ಎತ್ತಿದ್ದಳು. ನಾನು ಆ ಪೊಟ್ಟಣ ಕಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳ ಪಾಲಿನದನ್ನು ಮಾತ್ರ ಅಂದಿನಿಂದ ನನ್ನ ಕಣ್ಣೆದುರಿಗೇ ನುಂಗಿಸಿದೆ.

ಮರುದಿನ ಮಕ್ಕಳು ಶಾಲೆಗೆ ಹೋದ ಮೇಲೆ ಗೌರಿಯನ್ನು ಮಹಡಿಗೆ ಕರೆದೊಯ್ದೆ. ಬಟ್ಟೆ ಒಣಹಾಕುತ್ತ, "ನನ್ನ ಜೋಡಿ ನಡಿ, ಮಕ್ಕಳನ್ನೂ ಕರಕೋ" ಎಂದೆ.

"ಸಾಲಿ ನಡದೈತಿ. ಬಂದ್ರೂ ಎಷ್ಟು ದಿನ ಇರಲಿ, ಚಿಗವ್ವ? ನಾ ಆಪರೇಷನ್ ಮಾಡಿಸಿಕೊಂತೀನಿ."

"ಹುಚ್ಚೇನ ನಿನಗ? ಗರ್ಭಕೋಶಕ್ಕ ಏನೂ ಆಗಿಲ್ಲ ಅಂತ ಕಿವಿಯಾರೆ ಕೇಳಿಲ್ಲೇನು?"

"ಕೇಳೀನಿ." ಅವಳು ಮಗನ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಗುಳಿಗಿ ತಗೊಳ್ಳಾಕತ್ತೀನಿ, ದೂರ ಇರ್ರಿ ಅಂದ್ರ ಕೇಳಂಗಿಲ್ಲ ಅವರು. ನಿನ್ನೆ ರಾತ್ರಿ ಕೇಳಿಲ್ಲ. ಆಪರೇಷನ್ ಆದ್ರ ಮೂರು ತಿಂಗಳು ಹತ್ರ ಹೋಗಬ್ಯಾಡ ಅಂತ ಇಲ್ಲಿ ಡಾಕ್ಟರು ಅವರ ಮುಂದನ ಹೇಳ್ಯಾರ. ಅದನ್ನ ಕೇಳ್ತಾರ."

ಕೂಗಾಡಿದೆ, ಅತ್ತುಬಿಟ್ಟೆ, ಊರಿಗೆ ಹೋಗಿಬಿಡುತ್ತೇನೆಂದು ಹೆದರಿಸಿದೆ. ನಾನು ಹೋದರೆ ಆಪರೇಷನ್ ಮುಂದೆ ಹೋಗುತ್ತದೆಂಬ ಆಸೆ. ಆದರೆ ಗೌರಿ ಕೈಹಿಡಿದು, "ನೀ ಇರು, ನನಗ ಹೆದರಿಕಿ ಆಗ್ತೈತಿ" ಎಂದಳು. ಇದ್ದೆ.

ಆ ವಾರವೇ ಆಪರೇಷನ್ ಆಯಿತು. ಉಳಿದ ದಿನಗಳಲ್ಲಿ ಪಟಾನ್‌ಚೆರುವಿನ ಏನನ್ನೂ ನೋಡಲಿಲ್ಲ. ವಾರ್ಡಿನ ಬೆಂಚು, ಮೂಲೆಯ ಚಹಾದಂಗಡಿ, ಇಷ್ಟೇ ನನ್ನ ಪ್ರವಾಸ. ಅರಿವಳಿಕೆ ಇಳಿದ ಮೇಲೆ ಗೌರಿ ಹಗಲೆಲ್ಲ ನಿದ್ದೆ ಮಾಡಿದಳು. ಅಷ್ಟು ನಿಶ್ಚಿಂತೆಯ ನಿದ್ದೆಯನ್ನು ಅವಳ ಮುಖದಲ್ಲಿ ನಾನು ಬಂದಾಗಿನಿಂದ ನೋಡಿರಲಿಲ್ಲ.

ನಾನು ಹೊರಡುವ ದಿನ ಬಸವರಾಜ ಎಳನೀರು ಹಿಡಿದು ಬಂದ. ಗೌರಿ ಎಚ್ಚರಿದ್ದಳು, ಕಣ್ಣು ಮಾತ್ರ ಮುಚ್ಚಿಕೊಂಡಿದ್ದಳು. ಅವನು ನನಗೆ ತಿಳಿಯಬಾರದೆಂದು ತೆಲುಗಿನಲ್ಲಿ ಮೆಲ್ಲಗೆ ನರ್ಸಿಗೆ ಕೇಳಿದ: "ಮೂಡು ನೆಲಲು ಅವಸರಮಾ ಸಿಸ್ಟರ್? ಒಕ ನೆಲ ಚಾಲದಾ?" ಮೂರು ತಿಂಗಳು ಬೇಕೇ ಬೇಕಾ, ಒಂದು ಸಾಲದಾ ಎಂದು. ಖಾನಾವಳಿಯಲ್ಲಿ ದಿನಾ ತೆಲುಗು ಗಿರಾಕಿಗಳಿಗೆ ಬಡಿಸುವ ನನಗೆ ತಿಳಿಯದ ತೆಲುಗೇ!

"ಆರು ತಿಂಗಳು," ಎಂದೆ ಗಟ್ಟಿಯಾಗಿ. "ದೊಡ್ಡ ಡಾಕ್ಟರು ನನ್ನ ಮುಂದ ಹೇಳ್ಯಾರ. ಅದರ ಒಳಗ ಮುಟ್ಟಿದ್ರ ಹೊಲಿಗಿ ಬಿಚ್ಚಿ ಜೀವಕ್ಕ ಬರ್ತೈತಂತ."

ನರ್ಸ್ ನನ್ನ ಮುಖ ನೋಡಿದಳು. ಗೌರಿಯ ಮುಖ ನೋಡಿದಳು. "ಅವುನು, ಆರು ನೆಲಲು" ಎಂದು ಟ್ರೇ ಎತ್ತಿಕೊಂಡು ಹೋದಳು.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆ. ಕಾರ್ಖಾನೆಗಳ ಘಾಟು ಸಂಗಾರೆಡ್ಡಿಯವರೆಗೂ ಸೀರೆಯಲ್ಲೇ ಇತ್ತು. ಆರು ತಿಂಗಳು ಮುಗಿದ ಮೇಲೆ ಅವನಿಗೆ ಏನು ಹೇಳಬೇಕೆಂದು ಹುಮನಾಬಾದ್ ಬರುವವರೆಗೂ ಯೋಚಿಸಿದೆ. ಏನೂ ಹೊಳೆಯಲಿಲ್ಲ.