ಉಮ್ಮೆ ಕುಲ್ಸುಂ ಕೇಳಿದ ಕ್ಲಾರಿನೆಟ್

ಶಿವಾಜಿನಗರದ ಉಮ್ಮೆ ಕುಲ್ಸುಂ ಇಪ್ಪತ್ತು ವರ್ಷಕ್ಕೂ ಮೀರಿ ಕ್ಲಾರಿನೆಟ್ ಊದುವವನ ಹೆಂಡತಿಯಾಗಿದ್ದಳು. ಆದರೂ ಗಂಡ ನುಡಿಸಿದ್ದನ್ನು ಒಮ್ಮೆಯೂ ನೆಟ್ಟಗೆ ಕೇಳಿರಲಿಲ್ಲ.

ಚಾಂದ್ ಪಾಷಾ ಮದುವೆ ಬ್ಯಾಂಡಿನಲ್ಲಿದ್ದ. ವಾದ್ಯ ಅವನ ತಂದೆಯದು. ಅವರು ಅದನ್ನು ದಂಡಿನ ಬ್ಯಾಂಡಿನಲ್ಲಿದ್ದ ಒಬ್ಬ ಮುದುಕನಿಂದ ಕೊಂಡಿದ್ದರು. ಮನೆಯೊಳಗೆ ಬಾಜಾ ಊದುವುದು ಅವನ ತಾಯಿಗೆ ಸುತರಾಂ ಆಗುತ್ತಿರಲಿಲ್ಲ. ಹಾಗಾಗಿ ಅವನು ಅಭ್ಯಾಸವನ್ನೂ ಬ್ಯಾಂಡಿನ ಅಂಗಡಿಯಲ್ಲೇ ಮುಗಿಸಿ ಬರುತ್ತಿದ್ದ. ಉಮ್ಮೆ ಕುಲ್ಸುಂಳ ಪಾಲಿಗೆ ಬಂದದ್ದು ಕೆಂಪು ಕೋಟಿನ ಇಸ್ತ್ರಿ, ಕಿತ್ತುಬಂದ ಜರಿಪಟ್ಟಿಯ ಹೊಲಿಗೆ. ಒಂದು ಸಲ ಮೆರವಣಿಗೆ ಅವರ ಬೀದಿಯಲ್ಲೇ ಹಾದುಹೋಯಿತು. ಕಿಟಕಿಯ ಬಳಿ ಕಿವಿಗೊಟ್ಟು ನಿಂತಳು. ಡೋಲು, ತುತ್ತೂರಿಗಳ ಗದ್ದಲದಲ್ಲಿ ಗಂಡನದು ಯಾವುದೆಂದು ತಿಳಿಯಲಿಲ್ಲ.

೧೯೯೬ರಲ್ಲಿ ಚಾಂದ್ ಪಾಷಾ ತೀರಿಕೊಂಡ. ಮನೆಯಲ್ಲಿ ಉಳಿದದ್ದು ಆಕೆ, ಮಗಳು ಸುಮೈರಾ. ಬ್ಯಾಂಡಿನಲ್ಲಿ ಅವನ ಪಕ್ಕದಲ್ಲೇ ನಿಂತು ನುಡಿಸುತ್ತಿದ್ದ ಹಲಸೂರಿನ ಕೆಂಪರಾಜ್ ಬಂದು, “ಊದದೆ ಇಟ್ರೆ ಕೆಟ್ಟೋಗುತ್ತೆ ಭಾಬಿ” ಎಂದ. ಆಕೆ ಕ್ಲಾರಿನೆಟ್ಟನ್ನು ಪೆಟ್ಟಿಗೆಸಮೇತ ಕೊಟ್ಟುಬಿಟ್ಟಳು.

ಎಂಟು ವರ್ಷದ ಮೇಲೆ ಪದ್ಮಶ್ರೀ ಎಂಬ ಹುಡುಗಿ, ಆ ಕ್ಲಾರಿನೆಟ್ ಕೈಯಿಂದ ಕೈಗೆ ಬಂದ ಕಥೆಯನ್ನು ಸಿನಿಮಾ ಮಾಡಲು ಹೊರಟಳು. ಕೆಂಪರಾಜನ ಮನೆಯ ತಾರಸಿಯಲ್ಲಿ ಉಮ್ಮೆ ಕುಲ್ಸುಂಳನ್ನು ಕೂರಿಸಿ ಎದುರಿಗೆ ಕ್ಯಾಮೆರಾ ಇಟ್ಟಳು.

“ಮೆರವಣಿಗೇಲಿ ಚಾಂದ್ ಭಾಯ್ ಮೊದ್ಲು ಈ ಹಾಡನ್ನೇ ಊದ್ತಿದ್ರು,” ಎಂದು ಕೆಂಪರಾಜ್ ನುಡಿಸತೊಡಗಿದ. ಆಕೆ ಅಲುಗಾಡದೆ ಕೇಳಿದಳು.

“ಅವರ ನೆನಪು ಬಂತಾ ಅಮ್ಮ?” ಪದ್ಮಶ್ರೀ ಕೇಳಿದಳು.

“ಎಲ್ಲಿಂದ ಬರ್ಬೇಕು ಬೇಟಿ? ನಾನು ಇದ್ನ ಕೇಳ್ತಿರೋದೇ ಇವತ್ತು.”

ಪದ್ಮಶ್ರೀ ಕ್ಯಾಮೆರಾವನ್ನು ಆಕೆಯ ಮುಖದ ಹತ್ತಿರಕ್ಕೆ ತಂದಳು.

“ಆ ಮಿಶೀನು ಬಂದ್ ಮಾಡಮ್ಮ. ಕೆಂಪರಾಜ್, ಇನ್ನೊಂದ್ಸಲ ಊದು. ಇದು ನನ್ಗೆ.”

ಅವನು ಮತ್ತೆ ನುಡಿಸಿದ. ನಡುವೆ ಒಂದು ಕಡೆ ನಿಲ್ಲಿಸಿ ಉಸಿರೆಳೆದುಕೊಂಡ. “ಚಾಂದ್ ಭಾಯ್ ಇಲ್ಲಿ ನಿಲ್ತಾನೇ ಇರ್ಲಿಲ್ಲ ಭಾಬಿ. ಒಂದೇ ಉಸಿರು. ನನ್ ಕೈಲಿ ಆಗಲ್ಲ.”

“ಮನೇಲಿ ಜಗಳಕ್ಕೆ ನಿಂತ್ರೂ ಹಂಗೇ!” ಎಂದು ಆಕೆ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಯಾಮೆರಾ ಆರಿತ್ತು.

ಸಿನಿಮಾದಲ್ಲಿ ಉಳಿದದ್ದು ಆಕೆಯ ಮಾತಿಲ್ಲದ ಮುಖವಷ್ಟೇ. ನೋಡಿದವರು ವಿಧವೆಯ ದುಃಖ ಎಂದುಕೊಂಡರು. ಆಕೆಯೂ ನೋಡಿ ಬಂದು, “ಹಸಿರು ಸೀರೆ ಚೆನ್ನಾಗಿ ಕಾಣ್ಸುತ್ತೆ” ಎಂದು ಸುಮೈರಾಗೆ ಹೇಳಿದಳು.

ಮರುವರ್ಷ ಕೆಂಪರಾಜನ ಮಗಳು ಹಂಸಳ ಮದುವೆ. ಧಾರೆ ಎರೆಯಬೇಕಾದ ತಂದೆ ಕ್ಲಾರಿನೆಟ್ಟನ್ನು ಮಗ ವಸಂತನ ಕೈಗೆ ಕೊಟ್ಟಿದ್ದ. ಉಮ್ಮೆ ಕುಲ್ಸುಂ ಹೆಂಗಸರ ಸಾಲು ಬಿಟ್ಟು ಬ್ಯಾಂಡಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಊಟಕ್ಕೆ ಕರೆದವರಿಗೆಲ್ಲ “ಆಮೇಲೆ, ಆಮೇಲೆ” ಎಂದಳು. ಕೊನೆಯ ಪಂಕ್ತಿಯಲ್ಲಿ ಆಕೆ ಕೂರುವಷ್ಟರಲ್ಲಿ ಪಾಯಸ ಮುಗಿದಿತ್ತು.