ಮಾರಿಷಸ್ ಅಜ್ಜಿಯ ಡಬ್ಬಿ

ಕಬ್ಬು ನೋಡಲು ಮಾರಿಷಸ್‌ಗೆ ಹೋಗಬೇಕಾಗಿದ್ದವನು ನನ್ನ ಗಂಡ. ಹೋದವರು ನಾನು ಮತ್ತು ನನ್ನ ಅತ್ತೆ.

ತೊಂಬತ್ತರ ದಶಕದ ಶುರುವಿನ ಮಾತು. ರಾಯಬಾಗ, ಅಥಣಿ, ನಿಪ್ಪಾಣಿ ಕಡೆಯ ಒಂದಿಷ್ಟು ಬೆಳೆಗಾರರು ಸೇರಿ, ಸಮುದ್ರದ ನಡುವಿನ ಆ ದೇಶದಲ್ಲಿ ಕಬ್ಬು ಹೇಗೆ ಬೆಳೆಯುತ್ತಾರೆ ನೋಡಿ ಬರೋಣ ಎಂದು ಪ್ರವಾಸ ಗೊತ್ತು ಮಾಡಿದರು. ಅಲಖನೂರಿನ ನಮ್ಮ ಮನೆಗೆ ಸುದ್ದಿ ಮುಟ್ಟಿದ್ದೇ ತಡ, ಅತ್ತೆ ಮಗನಿಗೆ ಹೇಳಿಬಿಟ್ಟರು: "ಹೊಲ ನನ್ನ ಹೆಸರಿಲೆ ಐತಿ. ಕಬ್ಬ ನೋಡಾಕ ನಾ ಹೋಗ್ತೀನಿ. ನೀ ಎಮ್ಮಿ ಹಿಂಡ್ಕೋತ ಮನ್ಯಾಗಿರು." ಜೊತೆಗೆ ಯಾರು? ಸೊಸೆ! ಗಂಡನ ಮುಖ ಆಗ ನೋಡಬೇಕಿತ್ತು. ನನಗಂತೂ ಖುಷಿಯಲ್ಲಿ ಆ ದಿನ ಊಟ ಸೇರಲಿಲ್ಲ.

ಬುತ್ತಿಯ ತಯಾರಿ ಶುರುವಾಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ನಮ್ಮ ಗಾಣದ ಬೆಲ್ಲ, ಎಲ್ಲದರ ಮೇಲೆ ಒಂದು ಹಿತ್ತಾಳೆ ತಂಬಿಗೆ. "ಅಲ್ಲಿ ನೀರ ಸಿಗೂದಿಲ್ಲೇನ್ರಿ ಅತ್ತಿ?" ಅಂದೆ. "ನೀರ ಸಿಗ್ತಾವ. ತಂಬಗಿ ಯಾರ ಕೊಡ್ತಾರ?" ಅಂದರು.

ಕೊಡುವವರು ಯಾರೂ ಇರಲಿಲ್ಲ, ನಿಜ. ಅಲ್ಲಿಯ ಹೋಟೆಲಿನಲ್ಲಿ ಮೇಜು ಮೇಜಿಗೂ ಪ್ಲಾಸ್ಟಿಕ್ ಬಾಟಲಿ. ಅತ್ತೆ ಒಂದನ್ನೂ ಮುಟ್ಟಲಿಲ್ಲ. ಪ್ರವಾಸ ಮಾಡಿಸುತ್ತಿದ್ದ ಗೈಡನನ್ನು ಹಿಡಿದು ನಿಲ್ಲಿಸಿ, "ಕುಡದ ಮ್ಯಾಲೆ ಇವನ್ನ ಎಲ್ಲಿ ಒಗಿತೀರಿ? ಸುತ್ತೆಲ್ಲ ಸಮುದ್ರ ಐತಿ. ತಿಪ್ಪಿ ಎಲ್ಲೈತಿ?" ಎಂದು ಕೇಳಿದರು. ಪಾಪ, ಅವನಿಗೆ ತಿಪ್ಪೆ ಎಲ್ಲಿದೆಯೋ ಗೊತ್ತಿರಲಿಲ್ಲ. ಬೆಳಿಗ್ಗೆ ಹಾಸಿಗೆಯ ಚಾದರ ಬದಲಿಸಲು ಬಂದ ಹೆಂಗಸನ್ನೂ ಬಿಡಲಿಲ್ಲ: "ನಿನ್ನಿ ಅಷ್ಟ ಹಾಸೀರಿ. ನಾವೇನ ಕೆಸರಾಗ ಉಳ್ಳಾಡಿ ಬಂದೀವೇನು?" ಆಕೆಗೆ ಕನ್ನಡ ಬರದಿದ್ದರೂ ಅರ್ಥವಾಯಿತು, ಚಾದರ ಎತ್ತಿಕೊಂಡು ಓಡಿದಳು.

ಸಮುದ್ರದ ದಂಡೆಯಲ್ಲಿ ಅಥಣಿ ಕಡೆಯ ದೊಡ್ಡ ಬೆಳೆಗಾರರೊಬ್ಬರು ಹವಳದ ಚೂರುಗಳನ್ನು ಆರಿಸಿ ಜೇಬು ತುಂಬಿಕೊಳ್ಳುತ್ತಿದ್ದರು. "ಬೀಗರ ಮನಿಗೆ ಹೋದಾಗ ಅಂಗಳದಾನ ಕಲ್ಲ ಕಿತ್ತ ಕಿಸೇದಾಗ ಹಾಕ್ಕೋತೀರೇನ್ರಿ?" ಅಂದರು ಅತ್ತೆ. ಆ ಮನುಷ್ಯ ಮುಖ ಊದಿಸಿಕೊಂಡು ಜೇಬು ಖಾಲಿ ಮಾಡಿದರು. ಈಗ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರಿಟ್ಟು ಭಾಷಣ ಮಾಡುತ್ತಾರೆ. ಆಗ ಮಾತ್ರ ಮರ್ಯಾದೆ ಹೋಗುತ್ತಿದ್ದದ್ದು ನನ್ನದು.

ಹೋಟೆಲಿನ ಹಿಂದೆಯೇ ಕಬ್ಬಿನ ಗದ್ದೆ. ಒಂದು ಮುಂಜಾನೆ ಎಲ್ಲರೂ ಬಸ್ ಹತ್ತಿದರೆ, ಅತ್ತೆ ನನ್ನನ್ನು ಕರೆದುಕೊಂಡು ಕಬ್ಬಿನ ನಡುವಿನ ದಾರಿ ಹಿಡಿದರು. "ನಮ್ಮ ಕಬ್ಬಕಿಂತ ಗಿಡ್ಡ ಐತಿ," ಎಂದು ಸಮಾಧಾನ ಪಟ್ಟುಕೊಂಡರು. ದಾರಿಯ ಕೊನೆಗೆ ತಗಡಿನ ಮನೆ, ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತ ಕೂತ ಒಬ್ಬ ಅಜ್ಜಿ. ನಮ್ಮ ಸೀರೆ ನೋಡಿ ಏನೋ ಕೇಳಿದಳು. ಕಿವಿಗೆ ಬಿದ್ದದ್ದು ಮರಾಠಿ! ಗಡಿಯಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಮರಾಠಿ ಹೊಸದೇ? ಅಜ್ಜಿಯ ಅಜ್ಜಿ ರತ್ನಾಗಿರಿ ಕಡೆಯಿಂದ ಹಡಗು ಹತ್ತಿ ಕಬ್ಬು ಕಡಿಯಲು ಬಂದವಳಂತೆ. ಇವಳ ಮರಾಠಿಯಲ್ಲಿ ಅರ್ಧ ಆ ದ್ವೀಪದ ಮಾತು, ಅತ್ತೆಯ ಮರಾಠಿಯಲ್ಲಿ ಅರ್ಧ ಕನ್ನಡ. ಆದರೂ ಇಬ್ಬರೂ ಮಧ್ಯಾಹ್ನದವರೆಗೆ ಬಾಯಿ ಮುಚ್ಚಲಿಲ್ಲ. ಹೊರಡುವಾಗ ಅಜ್ಜಿ ಒಂದು ಸ್ಟೀಲ್ ಡಬ್ಬಿಯ ತುಂಬ ಬಾಳೆಹಣ್ಣಿನ ಸಿಹಿ ಭಜಿ ಕೊಟ್ಟಳು.

ಭಜಿಯನ್ನು ನಮ್ಮ ತಂಡದವರೆಲ್ಲ ತಿಂದು ಮುಗಿಸಿದರು. ಆಮೇಲೆ ಶುರುವಾಯಿತು ನೋಡಿ ಫಜೀತಿ. ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆ ಖಾಲಿ ಹಿಂತಿರುಗಿಸುವಂತಿಲ್ಲ, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಅತ್ತೆಯ ಬುತ್ತಿ ಅಷ್ಟರಲ್ಲಿ ಮುಗಿದಿತ್ತು, ಮರುದಿನ ವಿಮಾನ.

"ಹೋಟೆಲಿನ ಸಕ್ಕರಿ ಹಾಕಿ ಕೊಡೂಣೇನ್ರಿ?" ಅಂದೆ.

"ಅವರೂರಿನ ಸಕ್ಕರಿ ಅವರಿಗೇ ಕೊಡೂದು? ನಾಚಿಕಿ ಬರೂದಿಲ್ಲೇನ ಬೇ ನಿನಗ? ಆಕಿ ಅಜ್ಜಿ ಹಡಗ ಹತ್ತಿದ ಮ್ಯಾಲೆ ನಮ್ಮ ದೇಶದಿಂದ ಆ ಮನಿಗೆ ಒಬ್ಬರರ ಹೋಗ್ಯಾರೇನು? ಹೋಗಿದ್ದ ಹೋಗಿ ಖಾಲಿ ಡಬ್ಬಿ ಕೊಟ್ಟ ಬರ್ಲ್ಯಾ? ನಾ ವಿಮಾನ ಹತ್ತೂದಿಲ್ಲ, ನೋಡ!"

ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ. ಆ ಹೆಂಗಸಿನ ಹಟ ನನಗೆ ಗೊತ್ತಿತ್ತು.

ಮರುದಿನ ಬೆಳಕು ಹರಿದದ್ದೇ ಅತ್ತೆ ಡಬ್ಬಿ ಹಿಡಿದು ಒಂದೊಂದೇ ಕೋಣೆಯ ಬಾಗಿಲು ಬಡಿದರು. ಐಗಳಿಯ ದ್ರಾಕ್ಷಿ ಬೆಳೆಗಾರರು, "ಎಲ್ಲಾ ಖಾಲಿ ಆಗೇತ್ರಿ ಆಯಿ," ಅಂದರು. "ಹಂಗಾರ ಬಾಯಾಗೇನು ಅಗಿಯಾಕತ್ತೀರಿ?" ಅಂದರು ಅತ್ತೆ. ದಿಂಬಿನ ಕೆಳಗಿಂದ ಒಣದ್ರಾಕ್ಷಿಯ ಗಂಟು ಹೊರಬಂತು. ಚಿಕ್ಕೋಡಿಯವರ ಪೆಟ್ಟಿಗೆಯಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ಸಿಕ್ಕಿತು. ನಿಪ್ಪಾಣಿಯವರು ಭಕ್ತಿಯಿಂದ ತಂಬಾಕಿನ ಚೀಲ ಚಾಚಿ ಬೈಸಿಕೊಂಡರು. ಕಾಗವಾಡದವರು ಕೇಳುವ ಮೊದಲೇ ಬೆಲ್ಲದ ಹೆಂಟೆ ಕೈಗಿಟ್ಟು ಬಾಗಿಲು ಹಾಕಿಕೊಂಡರು. ಡಬ್ಬಿ ತುಂಬಿತು.

ಕಬ್ಬಿನ ದಾರಿಯಲ್ಲಿ ಅತ್ತೆ ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಅಜ್ಜಿ ಮೆಟ್ಟಿಲ ಮೇಲೆಯೇ ಇದ್ದಳು. ಡಬ್ಬಿ ತೆರೆದು ಹಿಂಡಿಯನ್ನು ನಾಲಿಗೆಗಿಟ್ಟು, "ಝಣಝಣೀತ!" ಎಂದು ಖಾರಕ್ಕೆ ಚೀರಿ ನಕ್ಕಳು. ಅಷ್ಟರಲ್ಲಿ ಆಚೆ ರಸ್ತೆಯಲ್ಲಿ ನಮ್ಮ ಬಸ್ಸು ಹಾರ್ನ್ ಹೊಡೆಯತೊಡಗಿತು. ಅಜ್ಜಿ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಗೆದ್ದವರ ಹಾಗೆ ಸೆರಗು ಸರಿ ಮಾಡಿಕೊಂಡರು.

ಹೊರಗೆ ಬಂದ ಅಜ್ಜಿ ಅದೇ ಡಬ್ಬಿಯನ್ನು ತಿರುಗಿ ಅತ್ತೆಯ ಕೈಗಿಟ್ಟಳು. ತುಂಬ ಕೊಬ್ಬರಿ ಮಿಠಾಯಿ.

"ಅಯ್ಯಯ್ಯ! ಇದನ್ನೀಗ ನಾ ಹೊಳ್ಳಿ ಹೆಂಗ ಕೊಡ್ಲಿ?" ಗಾಬರಿಯಲ್ಲಿ ಅತ್ತೆಗೆ ಕನ್ನಡವೇ ಬಂತು. ಆಮೇಲೆ ಅದನ್ನೇ ಮರಾಠಿಯಲ್ಲಿ ಕೇಳಿದರು.

"ತ್ಯಾಸಾಠೀಚ ದಿಲಾಯ ಗ ಬಾಯಿ," ಅಂದಳು ಅಜ್ಜಿ. ಅದಕ್ಕೇ ಕೊಟ್ಟೆನಲ್ಲ ತಾಯಿ, ಅಂತ.

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನ ಕಡೆ ನಡೆದರು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ಮುಖ ತಿರುಗಿಸಿ ಅತ್ತರು.

ಊರಿಗೆ ಬಂದ ಮೇಲೆ ಪ್ರತಿ ವರ್ಷ ಗಾಣದ ಮೊದಲ ಬೆಲ್ಲ ಆ ಡಬ್ಬಿಗೆ ಬೀಳುತ್ತಿತ್ತು. ಮುಂಬಯಿಗೆ ಹೊರಟವರನ್ನೆಲ್ಲ ಅತ್ತೆ, "ಅಲ್ಲಿಂದ ಹಂಗ ಮಾರಿಷಸ್‌ಗೆ ಹೋಗ್ತೀರೇನ್ರಿ?" ಎಂದು ಕೇಳುತ್ತಿದ್ದರು. ಯಾರೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಈಗ ಅತ್ತೆ ಇಲ್ಲ, ಡಬ್ಬಿ ನನ್ನ ಕೊರಳಿಗೆ ಬಿದ್ದಿದೆ. ಈ ವರ್ಷದ ಬೆಲ್ಲವನ್ನೂ ಹಾಕಿಟ್ಟಿದ್ದೇನೆ.