ಗಿಳಿ ಅಚ್ಚಿನ ತಾಂಬೂಲದ ಚೀಲ

ಮೊನ್ನೆ ಮೊಮ್ಮಗಳು ಸ್ಕೂಲಿನ ಕೆಲಸಕ್ಕೆಂದು ಬಟ್ಟೆಗೆ ಹಚ್ಚುವ ಬಣ್ಣದ ಬಾಟಲಿ ತೆರೆದಳು. ಮೂಗಿಗೆ ಚುರ್ರೆನ್ನುವ ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆಗೆ ಸಾಸಿವೆ ಹಾಕಿದವಳು ಹಾಗೇ ನಿಂತೆ. ನಂಜನಗೂಡಿನ ಇದೇ ಬೀದಿ, ಎದುರುಮನೆ ಅಕ್ಕ, ಅವರ ಹಜಾರದ ತುಂಬ ಹರಡಿದ್ದ ಬಿಳಿ ಚೀಲಗಳು… ಸಾಸಿವೆ ಸೀದುಹೋಯಿತು.

ಅಕ್ಕನ ಯಜಮಾನರು ಡ್ರಾಯಿಂಗ್ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಅವರ ಬಣ್ಣದ ಡಬ್ಬಿಗಳು ಉಳಿದಿದ್ದವು. ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಅವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮೊದಲೇ ಹೇಳಿಬಿಟ್ಟಿದ್ದರು: ಗಂಡ ಇಲ್ಲದವರು ತಾಂಬೂಲ ಕೊಡುವ ಹಾಗಿಲ್ಲ, ಬಂದವರಿಗೆ ತಾನೇ ಕೊಡುತ್ತೇನೆ ಎಂದು. ಅಕ್ಕ ಅಟ್ಟ ಹತ್ತಿ ಡಬ್ಬಿಗಳನ್ನು ಕೆಳಗಿಳಿಸಿದರು.

"ನನ್ ಕೈ ಬ್ಯಾಡ್ವಂತೆ ಕಣವ್ವ. ಕೈಲಿ ಮಾಡಿದ್ದಾದ್ರೂ ಎಲ್ರ ಮನೆಗೂ ಓಗ್ಲಿ," ಎಂದರು. "ಬಣ್ಣಾನೂ ಒಣಗ್ತಾ ಕುಂತದೆ. ಅವ್ರಿದ್ದಿದ್ರೆ ಬೈಯೋರು."

ಫೋಟೋದ ಹಳೇ ಚೌಕಟ್ಟಿಗೆ ನೈಲಾನ್ ಸೀರೆಯ ತುಂಡನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದರು. ಎಕ್ಸ್‌ರೇ ಹಾಳೆಯಲ್ಲಿ ಜೋಡಿ ಗಿಳಿಯ ಆಕಾರ ಕತ್ತರಿಸಿ ತೆಗೆದು, ಉಳಿದ ಹಾಳೆಯನ್ನು ನೈಲಾನಿನ ಅಡಿಗೆ ಅಂಟಿಸಿದರು. ಆ ಎಕ್ಸ್‌ರೇ ಯಾರದೆಂದು ನಾನು ಕೇಳಲಿಲ್ಲ. ಡಬ್ಬಿಗಳಲ್ಲಿ ಉಳಿದದ್ದು ಹಸಿರೇ ಹೆಚ್ಚು, ಅದಕ್ಕೇ ಗಿಳಿ. ಚೌಕಟ್ಟನ್ನು ತಾಂಬೂಲದ ಬಿಳಿ ಚೀಲದ ಮೇಲಿಟ್ಟು, ಒಂದು ಕಡೆ ಬಣ್ಣ ಸುರಿದು, ಸೈಕಲ್ ಟ್ಯೂಬು ಸುತ್ತಿದ ಮರದ ಪಟ್ಟಿಯಿಂದ ಎಳೆದರೆ ನೈಲಾನಿನ ಕಣ್ಣುಗಳಿಂದ ಬಣ್ಣ ಇಳಿದು ಗಿಳಿ ಮೂಡುತ್ತಿತ್ತು. ನಾನು ಚೌಕಟ್ಟು ಒತ್ತಿ ಹಿಡಿಯುವವಳು, ಅಕ್ಕ ಎಳೆಯುವವರು. ಹೊಸ ಬಟ್ಟೆಯನ್ನು ನಾವು ಹಾಗೇ ಬಳಸುವುದಿಲ್ಲವಲ್ಲ, ಮಗಳು ಪ್ರತಿ ಚೀಲದ ಮೂಲೆಗೂ ಅರಿಶಿನ ಹಚ್ಚಿ ಕೊಡುತ್ತಿದ್ದಳು.

ಮದುವೆಗೆ ಒಂದೇ ದಿನ ಉಳಿದಿತ್ತು. ಅರ್ಧದಷ್ಟು ಚೀಲ ಆಗುವಷ್ಟರಲ್ಲಿ ಬಣ್ಣ ಒಣಗಿ ನೈಲಾನಿನ ಕಣ್ಣು ಕಟ್ಟಿಕೊಂಡಿತು. ಅಕ್ಕ ಚೌಕಟ್ಟನ್ನು ಸೋಪಿನ ನೀರಲ್ಲಿ ತೊಳೆದು, ಒಣಗುವ ಮುಂಚೆಯೇ ಮುಂದಿನ ಚೀಲದ ಮೇಲಿಟ್ಟರು. ಎತ್ತಿದಾಗ ಮೂಲೆಯ ಹಳದಿ ಕೆಂಪಾಗಿತ್ತು. ನೋಡುತ್ತಿದ್ದಂತೆ ಆ ಕೆಂಪು ಗಿಳಿಯ ಕೊಕ್ಕಿನವರೆಗೂ ಹರಿಯಿತು.

ಬಾಗಿಲಲ್ಲಿ ಓರಗಿತ್ತಿ ನಿಂತಿದ್ದರು.

"ಅಯ್ಯೋ ಶಿವನೇ, ರಕ್ತ ಸುರ್ದಂಗದಲ್ಲ! ಬಡ್ಕೊಂಡೆ ನಾನು, ಸುಬಕಾರ್ಯಕ್ಕೆ ಇವ್ರ ಕೈ ಬ್ಯಾಡ ಅಂತ. ಬೀಗ್ರು ನೋಡಿದ್ರೆ ಏನಂದಾರು? ಎಲ್ಲಾನೂ ಒಲೆಗಾಕ್ರಿ."

ಮಗಳು ಅಳತೊಡಗಿದಳು. ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. "ಸೋಪು ತಗುಲುದ್ರೆ ಅರಿಸಿನ ಕೆಂಪಾಯ್ತದೆ ಕಣ್ರೀ. ಬಟ್ಟೆ ಒಗೆಯೋರ್ಗೆ ಗೊತ್ತಿಲ್ವ?" ಎಂದೆ.

ಅಕ್ಕ ಚೀಲಗಳನ್ನು ಬಾಚಿಕೊಂಡು ಎದ್ದರು. ಒಲೆಯ ಕಡೆಗೇ ಹೋದರು ಅಂದುಕೊಂಡೆ… ಅಲ್ಲ. ಬೇಸಿನ್ನಿನಲ್ಲಿ ನೀರು ತಂದು ಅರಿಶಿನ ಸುರಿದು, ಎಲೆಗೆ ಹಚ್ಚುವ ಸುಣ್ಣ ಕದಡಿದರು. ನೀರು ಆರತಿಯ ಓಕುಳಿಯ ಹಾಗೆ ಕೆಂಪಾಯಿತು. ಒಂದೊಂದೇ ಚೀಲದ ತಳ ಅದ್ದಿ ತೆಗೆದರು.

"ಒಂದುಕ್ಕಾದ್ರೆ ಕಲೆ. ಎಲ್ಲುಕ್ಕೂ ಮಾಡ್ಬುಟ್ರೆ ಅಂಚು. ತಗಳವ್ವ, ನೆಳ್ಳಲ್ಲಿ ಒಣಗಾಕು, ಬಿಸ್ಲಿಗೆ ಬಣ್ಣ ಓಯ್ತದೆ."

"ಬೀಗ್ರು ಮುಟ್ನಿಲ್ಲ ಅಂದ್ರೆ ಆಮ್ಯಾಕೆ ನನ್ ಕೇಳ್ಬ್ಯಾಡಿ," ಎಂದು ಓರಗಿತ್ತಿ ಹೊರಟುಹೋದರು.

ಮರುದಿನ ಛತ್ರದಲ್ಲಿ ಊಟ ಮುಗಿದು ಗಂಡಿನ ಕಡೆಯವರು ಬನ್ನೂರಿಗೆ ಹೊರಡುವ ಹೊತ್ತು. ಚೀಲಗಳ ಬುಟ್ಟಿಯ ಮುಂದೆ ಓರಗಿತ್ತಿ. ಅಕ್ಕ ಹಿಂದೆ, ಕಂಬದ ಮರೆಯಲ್ಲಿ, ಉಳಿದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಮದುಮಗಳು ನೆಟ್ಟಗೆ ಬಂದು ಬುಟ್ಟಿಯಿಂದ ಒಂದು ಚೀಲ ತೆಗೆದು ಅಮ್ಮನ ಕೈಗಿಟ್ಟಳು.

"ನಮ್ಮತ್ತೇರ್ಗೆ ನೀನೇ ಕೊಡವ್ವ."

ಓರಗಿತ್ತಿಯ ಮುಖ ಬಿಗಿಯಿತು. ನಾನು ಊರ ದೇವರು ನಂಜುಂಡಪ್ಪನನ್ನು ನೆನೆದೆ, ಬೇರೇನೂ ತೋಚಲಿಲ್ಲ. ಹುಡುಗನ ತಾಯಿ ಚೀಲದ ಕೆಂಪು ಅಂಚನ್ನು ನೋಡಿದರು, ಅಕ್ಕನ ಬರಿ ಹಣೆಯನ್ನು ನೋಡಿದರು. ಆಮೇಲೆ ಸೆರಗೊಡ್ಡಿದರು.

"ಕೊಡಿ ಬೀಗಿತ್ತೇರೆ, ಬಸ್ಸಿನೋನು ಆಗ್ಲಿಂದ ಆರನ್ ಒಡೀತಾವ್ನೆ. ಗಿಳಿ ಚೆಂದಾಗವೆ."

ಅವರ ಹಿಂದೆ ಉಳಿದ ಹೆಂಗಸರೂ ಸೆರಗೊಡ್ಡಿದರು. ದೇವರು ದೊಡ್ಡದನ್ನು ಕಿತ್ತುಕೊಂಡಾಗಲೂ ಇಂಥ ಒಂದಿಷ್ಟನ್ನು ಬಿಟ್ಟಿರುತ್ತಾನೆ.

ಅಕ್ಕ ಆಮೇಲೆ ತಿ. ನರಸೀಪುರದ ತಮ್ಮನ ಮನೆ ಸೇರಿದರು. ಹೋದ ವರ್ಷ ಹೋಗಿಬಿಟ್ಟರಂತೆ… ಸುದ್ದಿ ತಡವಾಗಿ ಬಂತು, ಮುಖ ನೋಡಲೂ ಆಗಲಿಲ್ಲ. ಈಗ ನನ್ನ ಯಜಮಾನರೂ ಇಲ್ಲ. ಮನೆಗೆ ಬಂದ ಹೆಂಗಸರು ಹೊರಟು ನಿಂತಾಗ ಕುಂಕುಮ ಕೊಡೆಂದು ಸೊಸೆಯನ್ನು ಕೂಗಲು ಬಾಯಿ ತೆರೆಯುತ್ತೇನೆ. ಕಣ್ಣು ಎದುರುಮನೆಯ ಕಡೆ ಹೋಗುತ್ತದೆ. ಅಲ್ಲಿ ಬೇರೆ ಯಾರೋ ಇದ್ದಾರೆ. ಕೂಗದೆ, ಕುಂಕುಮದ ಬಟ್ಟಲನ್ನು ನಾನೇ ಮುಂದೆ ಹಿಡಿಯುತ್ತೇನೆ. ಕೆಲವರು ಇಟ್ಟುಕೊಳ್ಳುತ್ತಾರೆ.